ಕ್ಷೀರಪಥ ಡಿಪೋದ ಲಕ್ಕವ್ವ

೧೮ ಜೂನ್ ೨೦೨೫, ಬುಧವಾರ

ಜೆ.ಪಿ. ನಗರದ ಆ ಎ.ಸಿ. ರೂಮಿನಲ್ಲಿ ಕೂತು, ನಗುನಗುತ್ತಾ, "ಆಗ್ಲಿ, ಬರ್ಕೊಡ್ತೀನಿ" ಅಂದು ಬಂದೆ. ಕತ್ರಿಗುಪ್ಪೆ ಸಿಗ್ನಲ್ ದಾಟುವಷ್ಟರಲ್ಲಿ ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತ್ತು. ಮನೆಯಲ್ಲಿ ಇವರ ಹತ್ತಿರ ಹೇಳಿಕೊಳ್ಳೋಣವೆಂದರೆ, ಅಂಗಡಿಯಿಂದ ಬಂದವರೇ "ಕೆಲ್ಸ ಬಂತಲ್ಲ, ಮಾಡು ಸುಮ್ನೆ" ಅಂದು ಟಿವಿ ಹಾಕಿಕೊಂಡರು. ಬೇರೆಯವರ ಮುಂದೆ ಆಡುವ ಮಾತಲ್ಲ ಇದು. ಅದಕ್ಕೇ ಈ ಡೈರಿ.

'ಕ್ಷೀರಪಥ ಡಿಪೋ' ನನ್ನ ಸಿನಿಮಾ. ಹತ್ತೊಂಬತ್ತು ವರ್ಷದ ಹಿಂದಿನದು. ಕಥೆ, ಚಿತ್ರಕಥೆ, ಸಂಭಾಷಣೆ ಮೂರೂ ಜಯಶೀಲಾ ಎಂದು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂದ ಒಂದೇ ಒಂದು ಸಿನಿಮಾ. ಮಂಗಳ ಗ್ರಹಕ್ಕೂ ಗುರುವಿಗೂ ನಡುವೆ ಒಂದು ಬಂಡೆ, ಅದರ ಮೇಲೆ ಕೆಟ್ಟುನಿಂತ ಆಕಾಶನೌಕೆಗಳ ರಿಪೇರಿ ಡಿಪೋ, ಅದನ್ನು ಒಬ್ಬನೇ ಕಾಯುವ ಮಾರಯ್ಯ. ಒಂದು ವಾರ ಓಡಿತು. ನೌಕೆ ಕುಕ್ಕರಿನ ಹಾಗಿದೆ ಎಂದು ಪೇಪರಿನವರು ಬರೆದರು. ಇತ್ತು, ಇಲ್ಲ ಅನ್ನುವುದಿಲ್ಲ. ಆಮೇಲೆ ನಾನು ಸೀರಿಯಲ್ಲಿಗೆ ಹೋದೆ. ಅತ್ತೆ ಸೊಸೆಯರ ಬಾಯಿಗೆ ಮಾತು ಹಾಕುತ್ತಾ ಹಾಕುತ್ತಾ ಕೂದಲು ಬೆಳ್ಳಗಾಯಿತು.

ಆ ಸಿನಿಮಾದ ಪ್ರಚಾರಕ್ಕೆಂದು ನಿರ್ಮಾಪಕರು ಒಂದು ಕಾದಂಬರಿಯನ್ನೂ ಬರೆಸಿದ್ದರು, ಥಿಯೇಟರಿನಲ್ಲಿ ಪಾಪ್‌ಕಾರ್ನ್ ಜೊತೆ ಮಾರುವುದಕ್ಕೆ. ಬರೆದವರು ಅವರ ಬ್ಯಾಂಕಿನ ಮ್ಯಾನೇಜರು ರಾಮಪ್ರಸಾದ್. ಜಯನಗರದವರು, ಮೆದುಮಾತಿನ ಮನುಷ್ಯ. ಅದಕ್ಕೆ ಮೊದಲೂ ಏನೂ ಬರೆದಿರಲಿಲ್ಲ, ಆಮೇಲೂ ಬರೆಯಲಿಲ್ಲ. ನನ್ನ ಚಿತ್ರಕಥೆಯನ್ನು ಪಕ್ಕದಲ್ಲಿಟ್ಟುಕೊಂಡು ಕಾದಂಬರಿ ಮಾಡಿದರು. ಸಿನಿಮಾ ಎತ್ತಂಗಡಿಯಾಯಿತು, ಪುಸ್ತಕ ಕಟ್ಟುಕಟ್ಟಾಗಿ ಉಳಿಯಿತು. ಉಳಿದದ್ದನ್ನು ಯಾರೋ ಶಾಲೆಗಳಿಗೆ ಬಹುಮಾನದ ಪುಸ್ತಕವೆಂದು ಸಾಗಹಾಕಿದರು. ಅಲ್ಲಿ ಶುರುವಾಯಿತು. ಮಕ್ಕಳು ಓದಿದರು, ಜೋಪಾನವಾಗಿ ಇಟ್ಟುಕೊಂಡರು, ಬೆಳೆದು ದೊಡ್ಡವರಾದರು. ಈಗ ಅವರಲ್ಲೊಬ್ಬ ಟಿವಿ ಚಾನೆಲ್ಲಿನ ಪ್ರಾಜೆಕ್ಟ್ ಹೆಡ್. ಹೆಸರು ವಿಶ್ರುತ್. ಇವತ್ತು ನನ್ನೆದುರು ಕೂತಿದ್ದವನು ಅವನೇ.

"ಏಳನೇ ಕ್ಲಾಸಲ್ಲಿ ಕ್ವಿಜ್‌ಗೆ ಸೆಕೆಂಡ್ ಪ್ರೈಜ್ ಕೊಟ್ಟಿದ್ರು ಮೇಡಂ ಈ ಬುಕ್ಕು. ಲಕ್ಕವ್ವ ಅಂದ್ರೆ ನಂಗೆ ಪ್ರಾಣ. ಹತ್ತು ಎಪಿಸೋಡ್ ಮಾಡ್ತಿದೀವಿ. ಡೈಲಾಗ್ ನೀವೇ ಬರೀಬೇಕು ಅಂತ ರಾಮಪ್ರಸಾದ್ ಸಾರ್ ಹೇಳಿದಾರೆ."

ಅವರು ಹೇಳಿದ್ದಾರಂತೆ! ಶಿಫಾರಸು!

ಪಕ್ಕದಲ್ಲಿ ಲ್ಯಾಪ್‌ಟಾಪ್ ಒತ್ತುತ್ತಿದ್ದ ಹುಡುಗಿ ತಲೆಯೆತ್ತಿ, "ಓ, ಇದು ಸಿನಿಮಾನೂ ಆಗಿತ್ತಾ?" ಅಂದಳು.

ಟೈಟಲ್ ಕಾರ್ಡಿನಲ್ಲಿ 'ಮೂಲ ಕಥೆ: ಜಯಶೀಲಾ' ಎಂದು ಬರುತ್ತದೆಯೇ ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ. ಅವರಾಗಿ ಹೇಳಬೇಕು. ನನ್ನ ಕಥೆಗೆ ನನ್ನ ಹೆಸರು ಹಾಕಿ ಎಂದು ನಾನೇ ಅಂಗಲಾಚುವುದಕ್ಕೆ ಅದೇನು ಸೊಪ್ಪಿನ ಚೌಕಾಸಿಯೇ?

ಅಂದಹಾಗೆ, ಲಕ್ಕವ್ವ ನನ್ನ ಸಿನಿಮಾದಲ್ಲಿ ಇಲ್ಲವೇ ಇಲ್ಲ. ಅವಳು ರಾಮಪ್ರಸಾದರ ಕೂಸು.

೨೪ ಜೂನ್, ಮಂಗಳವಾರ

ಕಾದಂಬರಿ ಓದಲು ಕೂತೆ. ಆಗ ಓದಿರಲಿಲ್ಲ. ಬೇಕೆಂದೇ.

ಚಂದ್ರನ ಮೇಲಿರುವ ಮಗಳ ಬಾಣಂತನಕ್ಕೆಂದು ಹೊರಟ ಲಕ್ಕವ್ವ ಎಂಬ ಮಾಗಡಿ ಕಡೆಯ ಹೆಂಗಸು ತಪ್ಪು ನೌಕೆ ಹತ್ತಿಬಿಡುತ್ತಾಳೆ. ಅದು ಚಂದ್ರನನ್ನು ದಾಟಿ, ಮಂಗಳನನ್ನೂ ದಾಟಿ, ನನ್ನ ಮಾರಯ್ಯನ ಡಿಪೋಗೆ ಬಂದು ಕೆಡುತ್ತದೆ. ವಾಪಸು ಹೋಗಲು ನೌಕೆಯಿಲ್ಲ. ಅವಳ ಕೈಯಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನುಂಡೆಯ ಡಬ್ಬಿ. ಆವತ್ತಿನಿಂದ ಡಿಪೋ ಅವಳದ್ದು. ಕಂಪ್ಯೂಟರಿನ ಜೊತೆ ಜಗಳವಾಡುತ್ತಾಳೆ, ಮಾರಯ್ಯನ ಬಟ್ಟೆ ಒಗೆಯುವುದಿಲ್ಲ ಅನ್ನುತ್ತಾಳೆ, ಉಂಡೆಯ ಡಬ್ಬಿ ಮುಟ್ಟಿದರೆ ಕೈ ಮುರೀತೀನಿ ಅನ್ನುತ್ತಾಳೆ.

ಹದಿನೈದು ಪುಟ ಓದುವಷ್ಟರಲ್ಲಿ ನನ್ನ ಮಾರಯ್ಯ ಮೂಲೆ ಸೇರಿದ್ದ. ನಾನು ಹೆತ್ತ ನಾಯಕ, ಅವರ ಮನೆಯಲ್ಲಿ ಕಸ ಗುಡಿಸಿಕೊಂಡಿದ್ದಾನೆ.

ಪುಸ್ತಕವನ್ನು ಟೀಪಾಯಿಯ ಮೇಲೆ ಬಿಸಾಕಿ ಅಡುಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ನಡುಮನೆಯಿಂದ ನಗು ಕೇಳಿಸಿತು. ನಮ್ಮ ಮನೆಯವರು. ಗುರುಶಾಂತಪ್ಪನವರು ನಗುವುದೇ ಅಪರೂಪ. ಮೂವತ್ತು ವರ್ಷದಿಂದ ನಾನು ಬರೆದ ಒಂದು ಹಾಳೆಯನ್ನೂ ಓದದ ಮನುಷ್ಯ, ಕನ್ನಡಕ ಹಣೆಗೇರಿಸಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಏ ಜಯಾ, ಈ ಲಕ್ಕವ್ವ ಸಖತ್ತಾಗಿದಾಳೆ ಕಣೆ!"

ರಾತ್ರಿ ಸಾರಿಗೆ ಉಪ್ಪು ಜಾಸ್ತಿಯಾಗಿತ್ತು. ನಾನು ಕ್ಷಮೆ ಕೇಳಲಿಲ್ಲ.

೧೩ ಜುಲೈ, ಭಾನುವಾರ

ಜಯನಗರದಲ್ಲಿ ಹೊಸ ಮುದ್ರಣದ ಬಿಡುಗಡೆ. ಹೋಗದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಹೋದರೆ ಹೊಟ್ಟೆಕಿಚ್ಚಾಗುತ್ತದೆ. ರೇಷ್ಮೆ ಸೀರೆ ಉಟ್ಟು ಹೋದೆ.

ಮುಖಪುಟದ ಮೇಲೆ 'ಶೀಘ್ರದಲ್ಲಿ ಟಿವಿಯಲ್ಲಿ' ಎಂಬ ಗುಂಡನೆಯ ಸ್ಟಿಕ್ಕರು. ಹಳೆಯ ಮುದ್ರಣದ ಒಳಪುಟದಲ್ಲಿ 'ಇದೇ ಹೆಸರಿನ ಚಲನಚಿತ್ರವನ್ನು ಆಧರಿಸಿದೆ, ಚಿತ್ರಕಥೆ: ಜಯಶೀಲಾ' ಎಂಬ ಇರುವೆ ಗಾತ್ರದ ಸಾಲಿತ್ತು. ಹೊಸದರಲ್ಲಿ ಹುಡುಕಿದೆ. ಇಲ್ಲ. ಪ್ರಕಾಶಕರು ಪುಟ ಉಳಿಸಿದ್ದಾರೆ.

ರಾಮಪ್ರಸಾದರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಮೈಕಿನ ಮುಂದೆ ನಿಂತು "ಇದರಲ್ಲಿ ನನ್ನದೇನೂ ಹೆಚ್ಚುಗಾರಿಕೆ ಇಲ್ಲ. ಡಿಪೋ ಕಟ್ಟಿದವರು ಜಯಶೀಲಾ ಅವರು. ಇಲ್ಲೇ ಇದ್ದಾರೆ, ದಯವಿಟ್ಟು ಎದ್ದು ನಿಲ್ಲಬೇಕು" ಅಂದರು. ವಿನಯವೂ ಒಂದು ಶಾಲಿನ ಥರ, ಹೊದ್ದುಕೊಂಡವರಿಗೆ ಚೆನ್ನಾಗಿ ಕಾಣುತ್ತದೆ. ಎದ್ದು ನಿಂತೆ. ಚಪ್ಪಾಳೆ ಬಿತ್ತು. ಕೂತಮೇಲೆ ಪಕ್ಕದ ಹುಡುಗಿ ಪ್ರೀತಿಯಿಂದ ಕೇಳಿದಳು:

"ಆಂಟಿ, ನೀವು ರೈಟರ್ ಸಾರ್ ಮಿಸೆಸ್ಸಾ?"

ಫಲಾಹಾರಕ್ಕೆ ನಿಲ್ಲದೆ ಆಟೋ ಹಿಡಿದೆ.

೨೫ ಜುಲೈ, ಶುಕ್ರವಾರ

ಮೊದಲ ಎರಡು ಎಪಿಸೋಡು ಬರೆದು ಕಳಿಸಿದ್ದೆ. ಒಳ್ಳೊಳ್ಳೆಯ ಮಾತೆಲ್ಲ ಮಾರಯ್ಯನಿಗೆ. ಲಕ್ಕವ್ವನಿಗೆ 'ಹೂಂ', 'ಅಂಗಾ?', 'ಆಯ್ತು ಬುಡು'. ಕಾದಂಬರಿಯಲ್ಲಿ ಅಬ್ಬರಿಸಿದರೆ ಅಬ್ಬರಿಸಲಿ, ಟಿವಿಯಲ್ಲಿ ಮಾತು ಕೊಡುವವಳು ನಾನು.

ವಿಶ್ರುತ್ ಫೋನ್ ಮಾಡಿದ. "ಮೇಡಂ, ಲಕ್ಕವ್ವ ಯಾಕೋ ಹುಷಾರಿಲ್ದೋರ ಥರ ಇದಾಳೆ. ಏನಾಯ್ತು?"

ಏನಾಯಿತೆಂದು ಹೇಳಲಿ? ವಾಪಸು ಬರೆಯಬೇಕು.

೫ ಆಗಸ್ಟ್, ಮಂಗಳವಾರ

ಕೂತೆ, ಎದ್ದೆ, ಕೂತೆ. ಆ ಲಕ್ಕವ್ವ ಬಾಯಿ ಬಿಡಲೊಲ್ಲಳು. ಕಾದಂಬರಿಯಲ್ಲಿ ಇರುವ ಮಾತುಗಳನ್ನೇ ಎತ್ತಿ ಹಾಕಬಹುದು, ಆದರೆ ಹಾಕುವುದಿಲ್ಲ. ರಾಮಪ್ರಸಾದರ ಒಂದು ಮಾತೂ ನನಗೆ ಬೇಡ. ಅದಕ್ಕಿಂತ ಒಳ್ಳೆಯದು ಬರೆದು ತೋರಿಸಬೇಕು.

ಮಡಿವಾಳ ಮಾರ್ಕೆಟ್ಟಿಗೆ ಹೋದೆ. ತರಕಾರಿ ನಮ್ಮ ಕತ್ರಿಗುಪ್ಪೆಯಲ್ಲೂ ಸಿಗುತ್ತದೆ, ನಾನು ಹೋದದ್ದು ಮಾತು ಕೇಳುವುದಕ್ಕೆ. ಒಬ್ಬಾಕೆ ಹುರುಳಿಕಾಯಿ ಸುರಿದುಕೊಂಡು ಕೂತಿದ್ದಳು. ಗಿರಾಕಿಯೊಬ್ಬ ಮೊಬೈಲಿನಲ್ಲಿ ದುಡ್ಡು ಕಳಿಸಿದೆ ಅನ್ನುತ್ತಿದ್ದಾನೆ, ದುಡ್ಡು ಬಂದದ್ದನ್ನು ಕೂಗಿ ಹೇಳುವ ಇವಳ ಡಬ್ಬ ಮಾತ್ರ ಬಂತು ಅನ್ನುತ್ತಿಲ್ಲ. ಅವಳು ಆ ಡಬ್ಬವನ್ನು ಎತ್ತಿ, "ಇವತ್ತು ನಿಂಗೆ ಮಾತಾಡಕ್ಕೆ ಏನ್ ದಾಡಿ? ಮೂತಿ ಉಬ್ಬುಸ್ಕೊಂಡಿದೀಯ?" ಎಂದು ಬೈದಳು. ನಿಜವಾಗಿ ಬೈದಳು, ತಮಾಷೆಗಲ್ಲ.

ಮನೆಗೆ ಬಂದು ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಲಕ್ಕವ್ವ ಮತ್ತು ಡಿಪೋದ ಕಂಪ್ಯೂಟರಿನ ಮೊದಲ ಜಗಳ ಬರೆದೆ. ಕಂಪ್ಯೂಟರ್ 'ಆಮ್ಲಜನಕದ ಮಟ್ಟ ಇಳಿದಿದೆ' ಅನ್ನುತ್ತದೆ. ಅವಳು, 'ಇಳೀದೆ ಇನ್ನೇನು? ಬೆಳಗ್ಗಿಂದ ನೀನೊಬ್ಬನೇ ಮಾತಾಡ್ತಿದೀಯಲ್ಲ!' ಅನ್ನುತ್ತಾಳೆ.

ಓದಿ ನಾನೇ ನಕ್ಕೆ. ಕೆಲಸ ಚೆನ್ನಾಗಿ ಆದರೆ ನಗು ಬರುತ್ತದೆ, ಅಷ್ಟೇ.

೨೮ ಆಗಸ್ಟ್, ಗುರುವಾರ

ಶೂಟಿಂಗ್ ಶುರುವಾಗಿ ವಾರವಾಯಿತು. ಮಡಿವಾಳದಿಂದಾಚೆ ಒಂದು ಗೋಡೌನ್ ಒಳಗೆ ಡಿಪೋ ಎದ್ದಿದೆ. ಈ ಸಲ ನೌಕೆ ಕುಕ್ಕರಿನ ಹಾಗಿಲ್ಲ. ನನಗೆ ಅದಕ್ಕೂ ಸಂಕಟವಾಯಿತು. ಆವತ್ತೇ ಇಂಥದ್ದು ಕೊಟ್ಟಿದ್ದರೆ?

ಮಧ್ಯಾಹ್ನ ರಾಮಪ್ರಸಾದ್ ಬಂದರು. ಫ್ಲಾಸ್ಕಿನಲ್ಲಿ ಕಾಫಿ. ಇಡೀ ಯೂನಿಟ್ಟು ಸೆಲ್ಫಿಗೆ ಮುಗಿಬಿತ್ತು. ಲಕ್ಕವ್ವನ ಪಾತ್ರದ ಶರ್ವಾಣಿ ಕಾಲಿಗೆ ನಮಸ್ಕಾರ ಮಾಡಿ, "ಸಾರ್, ಅವಳನ್ನ ಹೇಗೆ ಯೋಚ್ನೆ ಮಾಡಿದ್ರಿ?" ಎಂದು ಕಣ್ಣರಳಿಸಿ ಕೇಳಿದಳು. ಬೆಳಿಗ್ಗೆಯಿಂದ ಅವಳಿಗೆ ಒಂದೊಂದು ಮಾತನ್ನೂ ಹೇಳಿಕೊಟ್ಟವಳು ನಾನು. ಕುರ್ಚಿಯಿಂದ ಎದ್ದು ಆ ಕಡೆ ಹೋಗಿ ನಿಂತೆ. ಅಸೂಯೆ ಎಂದರೆ ಎದೆಯಲ್ಲಿ ಆಗುತ್ತದೆ ಅನ್ನುತ್ತಾರೆ. ನನಗೆ ಕಿವಿಯಲ್ಲಿ ಆಗುತ್ತದೆ, ಬಿಸಿಯಾಗುತ್ತದೆ.

ಆಗ ವಿಶ್ರುತ್ ಹೊಸ ವರಾತ ತೆಗೆದ. ಮೇಲಿನವರಿಗೆ ಲವ್ ಟ್ರ್ಯಾಕ್ ಬೇಕಂತೆ. ಎಂಟನೇ ಎಪಿಸೋಡಿನಲ್ಲಿ ಲಕ್ಕವ್ವ ಡಬ್ಬಿ ತೆಗೆದು ಮಾರಯ್ಯನಿಗೆ ಅಂಟಿನುಂಡೆ ತಿನ್ನಿಸಬೇಕಂತೆ.

"ಸಾರ್ ಏನಂತೀರಾ?" ಎಂದು ರಾಮಪ್ರಸಾದರನ್ನು ಕೇಳಿದ.

"ನಂಗೇನು ಗೊತ್ತಾಗುತ್ತಪ್ಪಾ ಟಿವಿ ವಿಷಯ. ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ" ಅಂದರು ಆ ಪುಣ್ಯಾತ್ಮರು. ಇಂಥವರ ಕೈಗೆ ಕೂಸು ಕೊಡಬೇಕು!

ನನಗೆ ಮೈಯೆಲ್ಲ ಉರಿದುಹೋಯಿತು. "ಅದು ಬಾಣಂತಿ ಉಂಡೆ ಕಣಯ್ಯಾ. ಮಗಳಿಗೆ ಅಂತ ಕಟ್ಟಿರೋದು. ಮಗಳ ಬಾಯಿಗೆ ಬೀಳೋತನಕ ಅವಳು ಅದನ್ನ ದೇವರಿಗೂ ಕೊಡಲ್ಲ. ಮಾರಯ್ಯನ ಬಾಯಿಗೆ ಇಡ್ತಾಳಾ? ಲಕ್ಕವ್ವ ಅಂಥ ಕೆಲ್ಸ ಮಾಡಲ್ಲ!"

"ಮೇಡಂ, ಬರೀ ಒಂದ್ ಉಂಡೆ..."

"ಬರೀ ಒಂದ್ ಉಂಡೆ ಅನ್ನೋನು ನಿಮ್ಮಜ್ಜಿ ಹತ್ರ ಹೋಗಿ ಕೇಳು."

ಲೈಟಿನವರು ಕೂಡ ಏಣಿಯ ಮೇಲೆ ನಿಂತು ನೋಡುತ್ತಿದ್ದರು. ಕೊನೆಗೆ ವಿಶ್ರುತ್ ಆ ಉಂಡೆಯ ಮಾತನ್ನೇ ಕೈಬಿಟ್ಟ. ರಾಮಪ್ರಸಾದ್ ಒಂದು ಲೋಟ ಕಾಫಿ ತಂದು ನನ್ನ ಕೈಗಿಟ್ಟರು.

ಮನೆಗೆ ಬರುವಾಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಯೋಚಿಸಿದೆ. ಅವರ ಪಾತ್ರಕ್ಕೆ ನಾನು ಯಾಕೆ ಬಡಿದಾಡಿದೆ? ಕಥೆ ಹಾಳಾದರೆ ಡೈಲಾಗ್ ಬರೆದವಳಿಗೂ ಕೆಟ್ಟ ಹೆಸರು. ಅದಕ್ಕೇ.

೨ ಸೆಪ್ಟೆಂಬರ್, ಮಂಗಳವಾರ

ಟೈಟಲ್ ಕಾರ್ಡಿನ ವಿಷಯ ಇನ್ನೂ ಯಾರೂ ಎತ್ತಿಲ್ಲ.

೧೧ ಸೆಪ್ಟೆಂಬರ್, ಗುರುವಾರ

ಮೂರನೇ ಎಪಿಸೋಡಿನ ಕೊನೆ ಬಾಕಿ ಉಳಿದಿತ್ತು. ಚಂದ್ರನಿಂದ ಸುದ್ದಿ ಬರುತ್ತದೆ. ಮಗಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ. ಕಾದಂಬರಿಯಲ್ಲಿ ರಾಮಪ್ರಸಾದ್ ಏನು ಬರೆದಿದ್ದಾರೆಂದು ತೆಗೆದು ನೋಡಿದೆ. 'ಲಕ್ಕವ್ವ ಬಹಳ ಹೊತ್ತು ಸುಮ್ಮನಿದ್ದಳು.' ಅಷ್ಟೇ. ಸೋಮಾರಿತನ. ಏನು ಹೇಳಿಸಬೇಕೆಂದು ತಿಳಿಯದಿದ್ದಾಗ ಎಲ್ಲ ಲೇಖಕರೂ ಮಾಡುವ ಉಪಾಯ ಇದು.

ಮೂರು ದಿನದಿಂದ ಬರೆದು ಬರೆದು ಹೊಡೆದುಹಾಕುತ್ತಿದ್ದೇನೆ. ಅಳಿಸಿದೆ, ನಗಿಸಿದೆ, ದೇವರಿಗೆ ಕೈ ಮುಗಿಸಿದೆ. ಯಾವುದೂ ಅವಳದ್ದಲ್ಲ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಡಬ್ಬ ತೆಗೆಯುತ್ತಿದ್ದೆ, ಪಕ್ಕದಲ್ಲಿ ನಿಂತು ಹೇಳಿದ ಹಾಗೆ ಬಂತು. ಸುದ್ದಿ ಕೇಳಿ ಅವಳು ಖುಷಿಪಡುವುದಿಲ್ಲ, ಅಳುವುದೂ ಇಲ್ಲ. ಮಾರಯ್ಯನ ಕಡೆ ತಿರುಗಿ ಕೇಳುತ್ತಾಳೆ:

'ಮಗೀಗೆ ನೀರು ಹುಯ್ದೋರು ಯಾರಂತೆ?'

ಅವಳು ಮಾಡಬೇಕಾಗಿದ್ದ ಕೆಲಸ ಅದು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಬಿಸಿನೀರು ಹುಯ್ಯುವ ಕೆಲಸ. ಅದನ್ನು ಬೇರೆ ಯಾರೋ ಮಾಡಿದ್ದಾರೆ. ಮಾರಯ್ಯನಿಗೆ ಗೊತ್ತಿಲ್ಲ. ಕಂಪ್ಯೂಟರಿಗೂ ಗೊತ್ತಿಲ್ಲ.

ಎಣ್ಣೆ ಹೊತ್ತಿ ಮನೆತುಂಬ ಹೊಗೆ. ಇವರು ಓಡಿಬಂದು ಸ್ಟವ್ ಆರಿಸಿ, "ಏನಾಯ್ತೇ? ಯಾಕ್ ಅಳ್ತಿದೀಯಾ?" ಅಂದರು. ಹೊಗೆ ಅಂದೆ.

೧೭ ಅಕ್ಟೋಬರ್, ಶುಕ್ರವಾರ

ಪೋಸ್ಟರ್ ಬಂತು. ಬನಶಂಕರಿ ಬಸ್ ಸ್ಟ್ಯಾಂಡಿನ ಎದುರಿಗೇ, ಮೂರಾಳೆತ್ತರ. ಶರ್ವಾಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಕ್ಷತ್ರಗಳ ನಡುವೆ ನಿಂತಿದ್ದಾಳೆ. ಕೆಳಗೆ, 'ರಾಮಪ್ರಸಾದ ಅವರ ಜನಪ್ರಿಯ ಕಾದಂಬರಿ ಆಧಾರಿತ'.

ಮತ್ತೆ ಮತ್ತೆ ಓದಿದೆ. ಮೂಲೆಯಲ್ಲಿ, ಅಂಚಿನಲ್ಲಿ, ಪ್ರಾಯೋಜಕರ ಗುರುತುಗಳ ಸಂದಿಯಲ್ಲಿ ಎಲ್ಲ ಹುಡುಕಿದೆ. ನಾನಿಲ್ಲ. ಬಸ್ಸು ಬಂತು, ಹತ್ತಲಿಲ್ಲ.

ನಾಲ್ಕು ತಿಂಗಳಿಂದ ಹಲ್ಲು ಕಚ್ಚಿಕೊಂಡಿದ್ದೆ. ಇನ್ನು ಸಾಕು. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ವಿಶ್ರುತ್‌ಗೆ ಮೆಸೇಜ್ ಹಾಕಿದೆ: 'ಟೈಟಲ್‌ನಲ್ಲಿ ನನ್ನ ಹೆಸರು ಎಲ್ಲಿಯೂ ಹಾಕುವುದು ಬೇಡ. ದಯವಿಟ್ಟು ಕಾರಣ ಕೇಳಬೇಡಿ.'

ಸಂಭಾಷಣೆಯವಳು ಎಂದು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕುವ ಭಿಕ್ಷೆ ನನಗೆ ಬೇಡ. ಕಾರಣ ಕೇಳಬೇಡಿ ಅಂದಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಓಡಿಬರುತ್ತಾನೆ, 'ಅಯ್ಯೋ ಮೇಡಂ' ಅನ್ನುತ್ತಾನೆ. ಆಗ ಹೇಳುತ್ತೇನೆ, ಡಿಪೋ ಯಾರದ್ದೆಂದು.

ಮನೆ ಸೇರುವ ಮೊದಲೇ ಉತ್ತರ ಬಂದಿತ್ತು. 'ಓಕೆ ಮೇಡಂ.' ಪಕ್ಕದಲ್ಲಿ ಎರಡು ಕೈ ಮುಗಿದ ಗೊಂಬೆ.

೨೧ ಅಕ್ಟೋಬರ್, ಮಂಗಳವಾರ

ಹಬ್ಬದ ಶುಭಾಶಯ ಕಳಿಸಿದ್ದಾನೆ. ಬೇರೇನೂ ಇಲ್ಲ.

೮ ನವೆಂಬರ್, ಶನಿವಾರ

ಎಂಟು ಗಂಟೆಗೆ ಮೊದಲ ಎಪಿಸೋಡು. ರಾಮಪ್ರಸಾದ್ ತಮ್ಮ ಮನೆಗೇ ಬರಬೇಕೆಂದು ಪಟ್ಟು ಹಿಡಿದಿದ್ದರು. ಇವರನ್ನು ಕರೆದುಕೊಂಡು ಹೋದೆ. ವಿಶ್ರುತ್ ಮೊದಲೇ ಬಂದು ಸೋಫಾದ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದ. ತಟ್ಟೆಯಲ್ಲಿ ಕೋಡುಬಳೆ. ಟಿವಿಯ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು. ಸನ್ಮಾನಕ್ಕೋ, ಶಿಕ್ಷೆಗೋ?

ನಕ್ಷತ್ರಗಳು ಬಂದವು, ಸಂಗೀತ ಬಂತು. ಮೊದಲ ಕಾರ್ಡು: 'ಕಾದಂಬರಿ: ರಾಮಪ್ರಸಾದ'. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಅರೆ! ಮೊದಲ್ನೇ ಕಾರ್ಡ್ ಎಲ್ಲಿ?" ಎಂದು ರಾಮಪ್ರಸಾದ್ ಅರ್ಧ ಎದ್ದುನಿಂತರು. "ವಿಶ್ರುತ್, 'ಮೂಲ ಕಥೆ: ಜಯಶೀಲಾ' ಅಂತ ಮೊದಲು ಬರ್ಬೇಕಿತ್ತಲ್ಲ? ಅದಾದ್ಮೇಲೇ ನನ್ನದು ಅಂತ ಸೈನ್ ಹಾಕೋ ದಿನಾನೇ ಹೇಳಿದ್ನಲ್ಲಪ್ಪಾ."

"ಇತ್ತು ಸಾರ್. ಫುಲ್ ಸ್ಕ್ರೀನ್ ಮಾಡ್ಸಿದ್ದೆ. ಮೇಡಂ ಅವರೇ ಹೆಸರು ಎಲ್ಲೂ ಬೇಡ ಅಂತ ಮೆಸೇಜ್ ಹಾಕಿದ್ರು."

ಇಬ್ಬರೂ ನನ್ನ ಕಡೆ ನೋಡಿದರು. ಕೋಡುಬಳೆ ಬಾಯಲ್ಲೇ ಇತ್ತು.

"ಯಾಕೆ ಅಂತ ಒಂದ್ ಮಾತು ಕೇಳ್ಬಾರ್ದಾಗಿತ್ತೇನಯ್ಯಾ?" ಅಂದೆ.

"ಕಾರಣ ಕೇಳ್ಬೇಡಿ ಅಂತ ಬರೆದಿದ್ರಿ ಮೇಡಂ. ಬೇರೆ ಚಾನೆಲ್ ಜೊತೆ ಏನೋ ಕಾಂಟ್ರಾಕ್ಟ್ ತೊಂದ್ರೆ ಇರ್ಬೇಕು, ಕೆದಕಿದ್ರೆ ಬೇಜಾರಾಗ್ತಾರೆ ಅಂದ್ಕೊಂಡೆ."

"ನೀವಾದ್ರೂ ಮೊದ್ಲೇ ಒಂದ್ ಮಾತು ಹೇಳ್ಬಾರ್ದಿತ್ತಾ ಸಾರ್?" ಎಂದು ರಾಮಪ್ರಸಾದರ ಕಡೆ ತಿರುಗಿದೆ.

"ನಿಮ್ಮ ಕಥೆಗೆ ನಿಮ್ಮ ಹೆಸರು ಹಾಕಿಸಿದೀನಿ ಅಂತ ನಾನು ಹೇಳ್ಕೊಂಡು ಬಂದ್ರೆ, ಏನೋ ಉಪಕಾರ ಮಾಡ್ದಂಗೆ ಆಗಲ್ವಾ? ಅದಕ್ಕೇ..."

ಮೂವರೂ ಮರ್ಯಾದಸ್ಥರು. ಒಬ್ಬರಾದರೂ ಮರ್ಯಾದೆ ಬಿಟ್ಟು ಬಾಯಿ ತೆರೆದಿದ್ದರೆ ನನ್ನ ಹೆಸರು ಉಳಿಯುತ್ತಿತ್ತು. ಟಿವಿಯಲ್ಲಿ ಲಕ್ಕವ್ವ ತಪ್ಪು ನೌಕೆ ಹತ್ತುತ್ತಿದ್ದಳು. ಇವರೊಬ್ಬರೇ ನೋಡಿ ನಗುತ್ತಿದ್ದರು.

೧೦ ನವೆಂಬರ್, ಸೋಮವಾರ

ವಿಶ್ರುತ್ ಫೋನ್ ಮಾಡಿದ. ನಿನ್ನೆಯ ಎರಡನೇ ಎಪಿಸೋಡೂ ಹೋಯಿತು. ಉಳಿದ ಎಂಟರ ಅಂತಿಮ ಪ್ರತಿಗಳನ್ನು ಒಟ್ಟಿಗೆ ಗುರುವಾರ ಸಂಜೆ ಐದಕ್ಕೆ ಚಾನೆಲ್ಲಿನ ಪ್ರಸಾರ ವಿಭಾಗಕ್ಕೆ ಒಪ್ಪಿಸಬೇಕು. ಅಷ್ಟರೊಳಗೆ ನಾನು ಹೂಂ ಅಂದರೆ ಮೂರನೆಯದರಿಂದ ಕಾರ್ಡು ಸೇರಿಸುತ್ತಾನೆ. ನಾನು ಬೇಡ ಅಂದದ್ದು ಮೆಸೇಜಿನಲ್ಲಿ ಇರುವುದರಿಂದ, ಬೇಕು ಅನ್ನುವುದನ್ನೂ ನಾನೇ ಹೇಳಬೇಕಂತೆ, ಕಂಪನಿಯ ನಿಯಮ.

"ಯೋಚ್ನೆ ಮಾಡಿ ಹೇಳ್ತೀನಿ" ಅಂದೆ. ಯೋಚಿಸುವುದೇನು ಮಣ್ಣು! ಆದರೂ ತಕ್ಷಣ ಹೂಂ ಅನ್ನಲು ನಾಲಿಗೆ ಏಳಲಿಲ್ಲ.

ರಾಮಪ್ರಸಾದರ ಮೇಲೆ ಹಗೆ ಸಾಧಿಸುವುದಕ್ಕೂ ಈಗ ದಾರಿಯಿಲ್ಲ. ಅದೇ ದೊಡ್ಡ ನಷ್ಟ.

೧೩ ನವೆಂಬರ್, ಗುರುವಾರ

ಬೆಳಿಗ್ಗೆಯೇ ನಿರ್ಧಾರ ಮಾಡಿದೆ. ಬಿಗುಮಾನ ಸಾಕು. ಫೋನ್ ಮಾಡಿ, "ಹಾಕಪ್ಪಾ ನನ್ನ ಹೆಸರು" ಅನ್ನುವುದು, ಮುಗಿಯಿತು. ಕನ್ನಡಿಯ ಮುಂದೆ ನಿಂತು ಎರಡು ಸಲ ಹೇಳಿಯೂ ನೋಡಿಕೊಂಡೆ.

ಫೋನ್ ತೆಗೆದರೆ ವಿಶ್ರುತ್ ಮೂರನೇ ಎಪಿಸೋಡಿನ ಎಡಿಟ್ ಕಳಿಸಿದ್ದ, 'ಒಂದು ಸಲ ನೋಡಿಬಿಡಿ ಮೇಡಂ' ಎಂದು. ನೋಡಿದೆ. ಚಂದ್ರನಿಂದ ಸುದ್ದಿ ಬರುತ್ತದೆ. ಶರ್ವಾಣಿಯ ಮುಖ. ಪಿಟೀಲು. ಕಣ್ಣೀರು. ಮತ್ತಷ್ಟು ಪಿಟೀಲು. ಎಪಿಸೋಡು ಮುಗಿಯಿತು.

ನೀರು ಹುಯ್ದವರು ಯಾರು ಎಂಬ ಮಾತು ಇಲ್ಲ. ಕತ್ತರಿಸಿದ್ದಾರೆ!

ಸಿಟ್ಟಿನಲ್ಲಿ ಎರಡು ಸಲ ತಪ್ಪು ನಂಬರ್ ಒತ್ತಿ, ಕೊನೆಗೆ ಇವರ ಕೈಯಲ್ಲಿ ಒತ್ತಿಸಿದೆ.

"ಮೇಡಂ, ಮೇಲಿನವರು ಎಮೋಷನ್ ಕಮ್ಮಿ ಆಗುತ್ತೆ ಅಂದ್ರು. ನೀರಿನ ಲೈನು ಸಿಟಿ ಆಡಿಯನ್ಸ್‌ಗೆ ಅರ್ಥ ಆಗಲ್ಲ ಅಂತ..."

"ಅವರಮ್ಮ ಅವರಿಗೆ ನೀರು ಹಾಕದೇ ಬೆಳೆಸಿದ್ರಾ? ಕೇಳು ಹೋಗಿ! ಅವಳು ಮಾರಯ್ಯನ ಮುಂದೆ ಅಳಲ್ಲ ಕಣೋ. ಅಳೋದಾದ್ರೆ ಪಾತ್ರೆ ತೊಳೀತಾ ಅಳ್ತಾಳೆ, ಬೆನ್ನು ಹಾಕ್ಕೊಂಡು. ಮೊದಲು ಕೇಳ್ತಾಳೆ. ಕೇಳಿ ಸುಮ್ಮನಾಗ್ತಾಳೆ. ಆ ಸುಮ್ಮನಾಗೋದಿದೆಯಲ್ಲ, ಅದಕ್ಕೆ ಪಿಟೀಲು ಗಿಟೀಲು ಏನೂ ಬೇಡ."

ಮೂರು ಸಲ ಫೋನ್ ಇಟ್ಟ, ಮೂರು ಸಲ ನಾನೇ ಮಾಡಿದೆ. ಎಡಿಟರನ್ನು ಲೈನಿಗೆ ತರಿಸಿದೆ. ಮೇಲಿನವರೊಬ್ಬರ ಜೊತೆಗೂ ಮಾತಾಡಿದೆ, ಅವರ ಹೆಸರೇನೆಂದೂ ಕೇಳಲಿಲ್ಲ. ಆ ಮನುಷ್ಯನಿಗೆ ಇಬ್ಬರು ಮಕ್ಕಳಂತೆ. ಎಳೆಗೂಸಿಗೆ ನೀರು ಹಾಕಿದವರು ಯಾರು ಎಂದು ಕೇಳಿದೆ. ಸ್ವಲ್ಪ ತಡೆದು, "ನಮ್ಮತ್ತೆ" ಅಂದರು. ಇನ್ನೂ ಸ್ವಲ್ಪ ತಡೆದು, "ಸರಿ, ಹಾಕ್ಬಿಡಿ" ಅಂದರು.

ನಾಲ್ಕೂವರೆಗೆ ವಿಶ್ರುತ್ ಹೊಸ ಎಡಿಟ್ ಕಳಿಸಿದ. ಮಾತು ಇದೆ. ಪಿಟೀಲು ಇಲ್ಲ. ಪಾತ್ರೆಯ ಸದ್ದು ಮಾತ್ರ.

"ಇನ್ನೇನಾದ್ರೂ ಇದೆಯಾ ಮೇಡಂ? ಕಳಿಸ್ಬಿಡ್ಲಾ?"

"ಏನಿಲ್ಲ, ಕಳ್ಸು ಕಳ್ಸು, ತಡ ಮಾಡ್ಬೇಡ" ಅಂದೆ.

ಟೀ ಮಾಡಿಕೊಂಡು ಬಾಲ್ಕನಿಯಲ್ಲಿ ಕೂತೆ. ಗೆದ್ದವಳ ಹಾಗೆ ಕಾಲಾಡಿಸುತ್ತಿದ್ದೆ. ಆರೂವರೆಗೆ ಇವರು ಬಂದು ಪಕ್ಕದಲ್ಲಿ ಕೂತು, "ಹೆಸರಿನ ವಿಷಯಕ್ಕೆ ಏನಂದ?" ಎಂದು ಕೇಳಿದರು.

ಏನೂ ಅನ್ನಲಿಲ್ಲ. ನಾನು ಕೇಳಿದ್ದರೆ ತಾನೇ!

೧೫ ನವೆಂಬರ್, ಶನಿವಾರ

ಮನೆಯಲ್ಲೇ ನೋಡಿದೆವು. ಕಾರ್ಡುಗಳು ಬಂದು ಹೋದವು. ಬಿಸಿ ಅನ್ನದ ಪಾತ್ರೆ ಇಳಿಸುತ್ತಿದ್ದೆ, ಸರಿಯಾಗಿ ನೋಡಲಿಲ್ಲ. ನನಗೆ ಕೊನೆಯದ್ದೇ ಚಿಂತೆ, ಮತ್ತೆ ಕತ್ತರಿಸಿಬಿಟ್ಟಿದ್ದರೆ?

ಕತ್ತರಿಸಿರಲಿಲ್ಲ. ಶರ್ವಾಣಿ ಕೇಳಿದಳು. ಮಾರಯ್ಯ ತಲೆ ತಗ್ಗಿಸಿದ. ಪಾತ್ರೆ ಸದ್ದಾಯಿತು. ಇವರು ರಿಮೋಟ್ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಐದು ನಿಮಿಷಕ್ಕೆ ಫೋನು. ರಾಮಪ್ರಸಾದ್.

"ಸಾರ್, ಹೇಳಿ."

"ಜಯಶೀಲಾ ಅವರೇ, ಮಗೂಗೆ ನೀರು ಹಾಕಿದೋರು ಯಾರು ಅಂತ ಕೇಳ್ತಾಳಲ್ಲ. ಅದು ನನ್ನ ಪುಸ್ತಕದಲ್ಲಿ ಇಲ್ಲ."

"ಇಲ್ಲ."

"ನಾನು ಸುಮ್ಮನಿದ್ದಳು ಅಂತ ಬರೆದು ಕೈ ತೊಳ್ಕೊಂಡಿದ್ದೆ. ಅವಳನ್ನ ಹುಟ್ಟಿಸಿದೋನು ನಾನು. ಇಷ್ಟು ವರ್ಷ ಜೊತೇಲಿ ಇಟ್ಕೊಂಡಿದೀನಿ. ನಂಗೆ ಯಾಕ್ರೀ ಹೊಳೀಲಿಲ್ಲ ಅದು? ನಿಜ ಹೇಳ್ಬಿಡ್ತೀನಿ, ತಪ್ಪು ತಿಳ್ಕೋಬೇಡಿ. ಹೊಟ್ಟೆ ಉರೀತಿದೆ ನಂಗೆ."

ಸಮಾಧಾನ ಹೇಳಬೇಕಿತ್ತು. ಹಾಗೇನಿಲ್ಲ ಸಾರ್, ಎಲ್ಲ ನಿಮ್ಮದೇ, ಅನ್ನಬೇಕಿತ್ತು. ನಾನೇನೂ ಅಷ್ಟು ಒಳ್ಳೆಯವಳಲ್ಲ.

"ಉರೀಲಿ ಬಿಡಿ ಸಾರ್" ಅಂದೆ.

ಆ ಕಡೆಯಿಂದ ಅವರು ನಕ್ಕರು. ಫೋನಿಟ್ಟು ಒಳಗೆ ಹೋಗಿ ಇಬ್ಬರಿಗೂ ತಟ್ಟೆ ಹಾಕಿದೆ. ಚೆನ್ನಾಗಿ ಹಸಿವಾಗಿತ್ತು.